ಕಲ್ಲುಮನಸ್ಸಿನ ಪೆರೊನೆಲ್

ಪೆರೊನೆಲ್ ನೀಲಿ ಬಣ್ಣ ಕದಡಿದ ತೊಟ್ಟಿಯಲ್ಲಿ ಮೊಣಕೈವರೆಗೂ ಕೈಯಿಳಿಸಿ ಉಣ್ಣೆ ತಿರುವುತ್ತಿದ್ದಾಗ ಪಕ್ಕದ ಮನೆಯ ಎರ್ಸಾನ್ ಓಡಿಬಂದಳು.

"ಲೇ, ಗೊಟಿಯೆ ಸಾಯ್ತಿದಾನೆ ಕಣೇ! ನಿನ್ನಿಂದಾನೇ!"

ಗೊಟಿಯೆ ಎದುರುಮನೆಯ ಉಣ್ಣೆ ವ್ಯಾಪಾರಿ. ಆರಾಸ್ ಪಟ್ಟಣದ ಅರ್ಧ ವ್ಯಾಪಾರಿಗಳಂತೆ ಅವನಿಗೂ ಹಾಡು ಕಟ್ಟುವ ಹುಚ್ಚು. ಚಳಿಗಾಲವಿಡೀ ವಿಧವೆ ಪೆರೊನೆಲ್‌ಳ ಕಿಟಕಿಯನ್ನೇ ನೋಡುತ್ತ, ಒಲಿಯದ ಒಡತಿಯೊಬ್ಬಳ ಮೇಲೆ ಹಾಡುತ್ತಿದ್ದ. ಅಂಥ ಹಾಡಿನಲ್ಲಿ ಹೆಣ್ಣಿನ ಹೆಸರೆತ್ತುವಂತಿಲ್ಲ. ಹಾಗಾಗಿ ಹೆಸರು ಇಡೀ ಬೀದಿಗೆ ಗೊತ್ತಿತ್ತು.

"ನಿನ್ನೆ ಹಾಡಲ್ಲಿ ಉಸಿರೇ ನಿಂತೋಯ್ತು ಅಂದ."

"ಬೆಳಿಗ್ಗೆ ಎರಡು ಹೆರಿಂಗ್ ಮೀನು ತಿಂತಿದ್ದ, ನಾನೇ ನೋಡ್ದೆ," ಎಂದಳು ಪೆರೊನೆಲ್.

ರೊಟ್ಟಿಯಂಗಡಿಯವಳು ಅವಳಿಗೆಂದೇ ಸೀದ ರೊಟ್ಟಿ ತೆಗೆದಿಟ್ಟಿದ್ದಳು. "ನಿನ್ನ ಮನಸ್ಸಿಗೆ ಇದೇ ಸರಿ, ತಗೋ!" ಮಧ್ಯಾಹ್ನ ಪಾದ್ರಿ ತಡೆದು ನಿಲ್ಲಿಸಿ, "ಕೊಲೆ ಮಹಾಪಾಪ ಮಗಳೇ," ಎಂದು ನಿಟ್ಟುಸಿರು ಬಿಟ್ಟರು.

ನಿಜ ಹೇಳಬೇಕೆಂದರೆ, ಹಾಡು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗಾಗುತ್ತಿತ್ತು. ತೀರಿಕೊಂಡ ಗಂಡ ಅವಳ ಬಗ್ಗೆ ಆಡಿದ ಮಾತೆಂದರೆ, ಬಟಾಣಿ ಗಂಜಿಗೆ ಉಪ್ಪು ಸಾಲದು ಎಂಬುದೊಂದೇ. ಒಂಟಿ ಊಟ ಸಾಕಾಗಿತ್ತು. ಸಂಜೆ ಕೈ ಉಜ್ಜಿಕೊಂಡು, ನೀಲಿ ಹೋಗದಿದ್ದರೂ ಹೊರಟೇಬಿಟ್ಟಳು. ಹಿಂದೆ ಇಡೀ ಬೀದಿ.

ಗೊಟಿಯೆ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ.

"ನಾನು ಒಪ್ಪಿದೀನಿ ಗೊಟಿಯೆ," ಎಂದಳು, ನೆಲ ನೋಡುತ್ತ.

ಅವನ ಮುಖ ನೀರಿಗೆ ಬಿದ್ದ ಬೆಕ್ಕಿನಂತಾಯಿತು.

"ಅಯ್ಯೋ, ಹಾಳು ಮಾಡಿಬಿಟ್ರಲ್ಲಮ್ಮ! ಭಾನುವಾರ ಹಾಡಿನ ಸ್ಪರ್ಧೆ. ಒಲಿದವಳ ಮೇಲೆ ಯಾರಾದ್ರೂ ಗೋಳಾಡ್ತಾರಾ? ತೀರ್ಪುಗಾರರು ನಕ್ಕು ಆಚೆ ಕಳಿಸ್ತಾರೆ!"

"ಹಾಗಾದ್ರೆ ಭಾನುವಾರ ಕಳೀಲಿ."

"ಗೆದ್ರೆ ಮುಂದಿನ ವರ್ಷಾನೂ ಹಾಡ್ಬೇಕಲ್ಲ..." ಅವನು ಕೈಮುಗಿದ. "ದಯವಿಟ್ಟು ಒಲ್ಲೆ ಅನ್ನಿ. ಸ್ವಲ್ಪ ಜೋರಾಗಿ. ಹೊರಗಿನವರಿಗೂ ಕೇಳ್ಬೇಕು."

"ಒಲ್ಲೆ!" ಎಂದು ಪೆರೊನೆಲ್ ಕಿರುಚಿದಳು. ನಟಿಸುವ ಅಗತ್ಯವೇ ಬೀಳಲಿಲ್ಲ.

ಹೊರಗೆ ಬಂದರೆ ಎರ್ಸಾನ್ ಕಣ್ಣೊರೆಸಿಕೊಳ್ಳುತ್ತಿದ್ದಳು. "ಪಾಪಿ ಕಣೇ ನೀನು! ಇನ್ನು ಅವನು ಉಳಿಯಲ್ಲ." ಒಳಗಿನಿಂದ ಗೊಟಿಯೆಯ ಹೊಸ ಗೋಳು ಕೇಳಿಬಂತು, ಊಟದ ಗಂಟೆ ಕೇಳಿದವನ ಹುರುಪಿನಲ್ಲಿ.

ಪೆರೊನೆಲ್ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಭಾನುವಾರ ಒಳ್ಳೆಯ ಉಡುಪು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂರಬೇಕು. ಅವನ ಹಾಡು ಮುಗಿದು, ತೀರ್ಪುಗಾರರು ಬಾಯಿ ತೆರೆಯುವ ಮೊದಲು ಎದ್ದು ನಿಂತು, ಊರಿಗೆಲ್ಲ ಕೇಳುವಂತೆ ಹೇಳಬೇಕು:

"ಒಪ್ಪಿದೆ."