ಎಂಗೇಜ್ ಇದ್ದರೆ ಹಾಜರಿ

ಟೀಮಿನ ಅರ್ಧ ಮನೆಯಲ್ಲಿ, ಅರ್ಧ ಆಫೀಸಿನಲ್ಲಿ ಎಂದು ಇಟ್ಟುಕೊಂಡವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ದಿನಾ ಕುರ್ಚಿ ಎಳೆದುಕೊಂಡು ಎದುರಿಗೆ ಬಂದು ಕೂರುತ್ತದೆ. ನನ್ನ ಎದುರಿನ ಕುರ್ಚಿಯಲ್ಲಂತೂ ಕೂರುತ್ತಿದ್ದುದು ಅದೊಂದೇ.

ತೊಂಬತ್ತರ ದಶಕದ ಕೊನೆಯ ಮಾತು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಜಗತ್ತೇ ಹೆದರಿದ್ದ ಕಾಲ. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇದ್ದದ್ದನ್ನು ನಾಲ್ಕು ಮಾಡುವುದು ನಮ್ಮ ಕೆಲಸ. ವೈಟ್‌ಫೀಲ್ಡಿನ ಆಫೀಸು, ನನ್ನ ಕೈಕೆಳಗೆ ಆರು ಜನ. ಮೇಲಿನವರಿಗೆ ಏನು ಹೊಳೆಯಿತೋ, ಆರೂ ಜನರ ಮನೆಗೆ ಕಂಪ್ಯೂಟರು, ಅದನ್ನು ಫೋನ್ ಲೈನಿನ ಮೂಲಕ ಆಫೀಸಿಗೆ ಜೋಡಿಸುವ ಮೋಡೆಮ್ ಕಳಿಸಿ, "ವಾರಕ್ಕೆ ಒಂದೆರಡು ದಿನ ಆಫೀಸಿಗೆ ಬಂದರೆ ಸಾಕು, ದಿನ ನಿಮ್ಮಿಷ್ಟ" ಎಂದರು. ಒಬ್ಬರ ಇಷ್ಟ ಇನ್ನೊಬ್ಬರ ಇಷ್ಟಕ್ಕೆ ಕೂಡಿಬರಲಿಲ್ಲ. ಬಂದವರೂ ಮಧ್ಯಾಹ್ನದ ಬಸ್ಸಿಗೆ ಜಾಗ ಖಾಲಿ ಮಾಡುತ್ತಿದ್ದರು. ಮ್ಯಾನೇಜರು ಮಾತ್ರ ದಿನಾ ಬರಬೇಕು ಎಂಬ ನಿಯಮ ನನಗೆ.

ನನ್ನ ಹೆಂಡತಿ ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರು, ಮಕ್ಕಳು ಅವಳ ಜೊತೆ. ಅವಳಿಗೆ ವರ್ಗ ಸಿಗುವ ತನಕ ನಾನು ಬ್ರೂಕ್‌ಫೀಲ್ಡಿನ ಬಾಡಿಗೆ ಮನೆಯಲ್ಲಿ ಒಬ್ಬನೇ. ಮನೆಯಲ್ಲಿ ಮಾತಾಡುವವರಿಲ್ಲ ಎಂದು ಆಫೀಸಿಗೆ ಓಡಿ ಬರುತ್ತಿದ್ದವನಿಗೆ ಆಫೀಸೂ ಮನೆಯ ಹಾಗೇ ಆಯಿತು.

ಟೂಂ ಟೂಂ

"ಮನೇಲಿ ಕೂತು ನಿಜವಾಗ್ಲೂ ಕೆಲಸ ಮಾಡ್ತಾರಾ? ಚೆಕ್ ಮಾಡಿ" ಎಂದು ಮೇಲಿನಿಂದ ಅಪ್ಪಣೆಯಾಯಿತು. ಆಗ ಮೋಡೆಮ್ ಹಾಕಿದರೆ ಮನೆಯ ಫೋನು ಎಂಗೇಜ್ ಆಗುತ್ತಿತ್ತು. ಸರಿ, ನಾನು ಒಬ್ಬೊಬ್ಬರ ಮನೆಗೂ ಫೋನ್ ಮಾಡುವುದು, ಎಂಗೇಜ್ ಬಂದರೆ ಹಾಜರಿ ಎಂದು ಗುರುತು ಹಾಕುವುದು. ಟೀಮು ಚೆನ್ನಾಗಿ ಕೆಲಸ ಮಾಡಿದ ದಿನ ನನ್ನ ಕಿವಿಗೆ ಬೆಳಗಿನಿಂದ ಸಂಜೆಯವರೆಗೆ ಟೂಂ ಟೂಂ ಬಿಟ್ಟು ಒಂದು ನರಮನುಷ್ಯನ ದನಿ ಇಲ್ಲ. ಅಪರೂಪಕ್ಕೆ ಸರ್ಜಾಪುರದ ಹುಡುಗ ಫೋನೆತ್ತಿ "ಹಲೋ" ಎಂದರೆ ನನಗೆ ಹಿಗ್ಗು, "ಏನಪ್ಪಾ, ತಿಂಡಿ ಆಯ್ತಾ?" ಎನ್ನುತ್ತಿದ್ದೆ. ಅವನು ಸಿಕ್ಕಿಬಿದ್ದೆ ಎಂದುಕೊಂಡು, "ಈಗಷ್ಟೇ ಕನೆಕ್ಷನ್ ಕಟ್ಟಾಯ್ತು ಸಾರ್, ಹಾಕ್ತೀನಿ, ಹಾಕ್ಬಿಟ್ಟೆ!" ಎಂದು ಟಪ್ಪನೆ ಇಟ್ಟುಬಿಡುತ್ತಿದ್ದ.

ಎಲ್ಲರಿಗಿಂತ ಶ್ರದ್ಧೆ ಬಾಗಲಗುಂಟೆಯವನದು. ಒಂದು ವಾರ ಯಾವ ಹೊತ್ತಿಗೆ ಮಾಡಿದರೂ ಎಂಗೇಜ್. ಕೆಲಸ ಮಾತ್ರ ಒಂದೂ ಬಂದಿರಲಿಲ್ಲ. ದೊಡ್ಡ ಪ್ರೋಗ್ರಾಮ್ ಹಿಡಿದಿದ್ದಾನೆ, ಒಟ್ಟಿಗೆ ಕಳಿಸುತ್ತಾನೆ ಎಂದುಕೊಂಡೆ. ಅವನು ಆಫೀಸಿಗೆ ಬಂದ ದಿನ ಕೈ ಕುಲುಕಿ, "ಭೇಷ್ ಕಣ್ರೀ, ಊಟಕ್ಕೂ ಏಳಲ್ವಾ?" ಎಂದೆ.

ಅವನು ಕಣ್ಣು ಕಣ್ಣು ಬಿಟ್ಟ. "ಸಾರ್, ನಮ್ಮ ಲೈನು ಸತ್ತು ಒಂದು ವಾರ ಆಯ್ತು. ಸತ್ತ ಲೈನಿಗೆ ಮಾಡಿದ್ರೂ ಎಂಗೇಜ್ ಟೋನೇ ಬರೋದು."

"ಮನೆ ಹತ್ತಿರ ಎಸ್‌ಟಿಡಿ ಬೂತ್ ಇಲ್ವೇನ್ರೀ? ಅಲ್ಲಿಂದ ಒಂದು ಮಾತು ಹೇಳೋದಲ್ವಾ?"

"ದಿನಾ ಹೋಗಿ ಟ್ರೈ ಮಾಡಿದೀನಿ ಸಾರ್. ನಿಮ್ಮ ಫೋನೇ ಯಾವಾಗ್ಲೂ ಎಂಗೇಜು!"

ಹನ್ನೊಂದು ಗಂಟೆಯ ಅಜ್ಜಿ

ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಮೇಡಂ, ಮನೆ ರಾಜಾಜಿನಗರ. ಹನ್ನೊಂದಕ್ಕೆ ಅಡುಗೆಗೆ ಏಳುವಾಗ ಅವರು ಮೋಡೆಮ್ ತೆಗೆಯುತ್ತಿದ್ದರು. ಆ ಹೊತ್ತಿಗೆ ಫೋನ್ ಮಾಡಿದರೆ ಎತ್ತುತ್ತಿದ್ದುದು ಅವರ ಅತ್ತೆ.

"ನೀವು ನಮ್ಮ ಸೊಸೆ ಆಫೀಸಿನೋರಾ? ಪಾಪ, ಇವಳನ್ನ ಯಾಕಪ್ಪಾ ಕೆಲಸದಿಂದ ತೆಗೆದ್ರಿ?"

"ತೆಗೆದಿಲ್ಲಮ್ಮ, ಮನೇಲೇ ಕೆಲಸ ಮಾಡ್ತಿದಾರೆ."

"ಎಲ್ಲಿ ಕೆಲಸ? ಬೆಳಗ್ಗೆಯಿಂದ ಟೀವಿ ಮುಂದೆ ಕೂತಿರ್ತಾಳೆ. ಅದರಲ್ಲೋ ಒಂದು ಬೊಂಬೆನೂ ಬರಲ್ಲ, ಬರೀ ಅಕ್ಷರ. ಕೊಡೋದು ಕೊಟ್ರಿ, ಸರಿಯಾಗಿರೋದನ್ನಾದ್ರೂ ಕೊಡಬಾರದಿತ್ತಾ?"

ಅಜ್ಜಿಯ ಮಾತು ನನಗೆ ಹಿಡಿಸಿತು. ಸುಳ್ಳೇಕೆ ಹೇಳಲಿ, ಆಮೇಲೆ ನಾನು ಸೊಸೆಯ ಹಾಜರಿಗೆ ಫೋನ್ ಮಾಡಲಿಲ್ಲ, ಅಜ್ಜಿಗೇ ಮಾಡಿದೆ. ಅವರ ಮಂಡಿನೋವು, ಪಕ್ಕದ ಮನೆಯವರ ಕೊಬ್ಬು, ಹುಳಿಗೆ ಹಾಕಿದ ನುಗ್ಗೆಕಾಯಿ ಎಲ್ಲವನ್ನೂ ಗಮನವಿಟ್ಟು ಕೇಳುತ್ತಿದ್ದೆ. ನನ್ನ ದಿನದಲ್ಲಿ ಮಾತು ಅಂತ ಇದ್ದದ್ದು ಆ ಹತ್ತು ನಿಮಿಷ. ಒಂದು ದಿನ ಅಜ್ಜಿ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಕೇಳಿದರು:

"ಮಗೂ, ದಿನಾ ಈ ಹೊತ್ತಿಗೆ ಫೋನ್ ಮಾಡ್ತೀಯಲ್ಲ, ನಿನಗೂ ಕೆಲಸ ಹೋಯ್ತೇನಪ್ಪಾ?"

ಕೋಟು

ಆಫೀಸು ಕಟ್ಟಡದವರದು ಇನ್ನೊಂದು ಕಾನೂನು. ಕೋಣೆಯಲ್ಲಿ ಮೂರು ಜನರಿಗಿಂತ ಕಡಿಮೆ ಇದ್ದರೆ ಎಸಿ ಬಂದ್. ಏಪ್ರಿಲ್ ತಿಂಗಳು, ಗಾಜಿನ ಗೋಡೆ, ಒಳಗೆ ನಾನೊಬ್ಬನೇ ಬೇಯುತ್ತಿದ್ದೆ. ಕೊನೆಗೆ ಉಪಾಯ ಮಾಡಿದೆ. ಒಂದು ಕುರ್ಚಿಗೆ ನನ್ನ ಮದುವೆಯ ಕೋಟು ಹಾಕಿ, ಒಳಗೆ ಹಳೇ ಪೇಪರು ತುರುಕಿ, ಬೆನ್ನು ಬಾಗಿಲ ಕಡೆಗೆ ಮಾಡಿ ಕೂರಿಸಿದೆ. ಇನ್ನೊಂದಕ್ಕೆ ಸ್ವೆಟರು. ಗಾಜಿನಾಚೆಯಿಂದ ಎಣಿಸಿದವನಿಗೆ ಮೂರು ಜನ ಸಿಕ್ಕರು, ಎಸಿ ಬಂತು. ಎರಡನೆಯ ದಿನದಿಂದ ನಾನೂ ಬರುವಾಗ ಕೋಟಿನ ಹೆಗಲು ತಟ್ಟಿ "ಏನ್ ಸ್ವಾಮಿ, ಆರಾಮಾ?" ಎನ್ನತೊಡಗಿದೆ. ತಮಾಷೆಗೇ ಶುರುವಾದದ್ದು, ಆಮೇಲೆ ಅಭ್ಯಾಸವಾಯಿತು.

ವಾರ ಕಳೆದಿರಬೇಕು, ರಾಯಚೂರು ಕಡೆಯ ಸೆಕ್ಯುರಿಟಿ ಮೆಲ್ಲಗೆ ಬಾಗಿಲು ತೆರೆದು ಬಂದು ನನ್ನ ಕಿವಿಯಲ್ಲಿ ಹೇಳಿದ:

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಆ ಕೋಟಿನವ್ರು ಮುಂಜಾನಿಂದ ಮಿಸುಕಾಡಿಲ್ಲ. ಸ್ವೆಟರಿನವ್ರಿಗೆ ತಲೀನ ಕಾಣವಲ್ದು. ನೀವು ಮಾತಾಡ್ಸಿದ್ರ ಒಬ್ರಾರ ಉತ್ತರ ಕೊಡ್ತಾರೇನ್ರಿ?"

ಸೋಮವಾರದ ಊಟ

ಇದನ್ನು ಭಾನುವಾರ ಊರಿಗೆ ಹೋದಾಗ ಹೆಂಡತಿಗೆ ನಗುತ್ತಾ ಹೇಳಿದೆ. ಅವಳು ನಗಲಿಲ್ಲ. "ಮುಂದಿನ ವಾರ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಡ್ತೀನಿ, ಎಲ್ಲರನ್ನೂ ಕೂರಿಸ್ಕೊಂಡು ಉಣ್ರಿ. ಒಬ್ಬರನ್ನೂ ಬಿಡಬ್ಯಾಡ್ರಿ" ಎಂದಳು. ಮುಂದಿನ ಶುಕ್ರವಾರ ಸಂಜೆ, ಮೋಡೆಮ್ ತೆಗೆಯುವ ಹೊತ್ತು ನೋಡಿ, ಆರೂ ಜನಕ್ಕೆ ಫೋನ್ ಮಾಡಿದೆ. ಊಟ ಎಂದರೆ ಬರುತ್ತಾರೋ ಇಲ್ಲವೋ ಎಂಬ ಅಳುಕಿಗೆ, "ಸೋಮವಾರ ಎಲ್ಲರೂ ಬರ್ಲೇಬೇಕು, ವಿಷಯ ಬಂದ್ಮೇಲೆ ಹೇಳ್ತೀನಿ" ಎಂದಷ್ಟೇ ಹೇಳಿದೆ. ಅದೇ ವಾರ ಎದುರಿನ ಕಟ್ಟಡದ ಕಂಪನಿಯಲ್ಲಿ ಹೀಗೇ ಎಲ್ಲರನ್ನೂ ಕರೆಸಿ ಅರ್ಧ ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ಆರೂ ಜನ ಇಸ್ತ್ರಿ ಬಟ್ಟೆಯಲ್ಲಿ ಬಂದು ಸಾಲಾಗಿ ಕೂತರು. ಯಾರ ಮುಖದಲ್ಲೂ ರಕ್ತವಿಲ್ಲ. ಬಾಗಲಗುಂಟೆಯವನು ಮಾತ್ರ ಆಟೋದಲ್ಲಿ ಬೆಡ್‌ಶೀಟಿನ ದೊಡ್ಡ ಗಂಟು ತಂದಿದ್ದ.

"ಇದೇನ್ರೀ?"

"ಕಂಪ್ಯೂಟರ್ ಸಾರ್. ನಾನೇ ತಂದ್ಬಿಟ್ಟೆ. ಆಮೇಲೆ ಕಂಪ್ನಿಯೋರು ಬಂದು ಬೀದಿಯೋರ ಮುಂದೆ ಎತ್ಕೊಂಡು ಹೋಗೋದು ಬೇಡ."

ನನಗೆ ತಲೆಬುಡ ತಿಳಿಯಲಿಲ್ಲ. ಸರ್ಜಾಪುರದ ಹುಡುಗ ಎದ್ದು ನಿಂತ. "ಸಾರ್, ಸುತ್ತಿ ಬಳಸಿ ಬೇಡ. ಎಷ್ಟು ಜನ, ಹೇಳ್ಬಿಡಿ."

"ಎಲ್ರೂ ಕಣಪ್ಪಾ. ಒಬ್ಬರನ್ನೂ ಬಿಡಬೇಡಿ ಅಂತ ನನ್ನ ಹೆಂಡತಿ ಹೇಳಿದಾಳೆ."

"ಮಿಸೆಸ್ಸು ಡಿಸೈಡ್ ಮಾಡಿದ್ದಾ ಸಾರ್?" ಎಂದು ಅವನು ಕುಸಿದು ಕೂತ.

ನಾನು ಊರಿಂದ ತಂದ ಬುತ್ತಿ ಬಿಚ್ಚಿ ರೊಟ್ಟಿ ಹರವಿದೆ. ಅವನು ರೊಟ್ಟಿ ನೋಡಿ, ನನ್ನ ಮುಖ ನೋಡಿ, "ಕಳಿಸೋ ಮುಂಚೆ ಊಟಾನೂ ಹಾಕ್ತೀರಾ ಸಾರ್?" ಎಂದಾಗ ನನಗೆ ಅರ್ಥವಾಯಿತು. ನಗು ಬರಬೇಕಾಗಿತ್ತು, ಬರಲಿಲ್ಲ. ಮುಚ್ಚುಮರೆ ಬಿಟ್ಟು ಹೇಳಿದೆ:

"ಯಾರನ್ನೂ ತೆಗೀತಿಲ್ಲಪ್ಪಾ. ಕೆಲಸದ ವಿಷಯ ಏನೂ ಇಲ್ಲ. ಇಲ್ಲೂ ಒಬ್ಬನೇ, ಮನೇಲೂ ಒಬ್ಬನೇ, ಉಂಡೂ ಉಂಡೂ ಸಾಕಾಗಿದೆ. ನಿಮ್ಮನ್ನೆಲ್ಲ ಒಟ್ಟಿಗೆ ನೋಡ್ಬೇಕು ಅನ್ನಿಸ್ತು, ಕರೆದೆ. ಅಷ್ಟೇ."

ಆರೂ ಜನ ನನ್ನನ್ನೇ ನೋಡುತ್ತಿದ್ದರು. ಮೇಡಮ್ಮಿನ ಕಣ್ಣು ತುಂಬಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟು, ಉಸ್ಸೆಂದು ಉಸಿರು ಬಿಟ್ಟು ಹೇಳಿದರು:

"ಅಷ್ಟೇನಾ ಸಾರ್? ಇದನ್ನ ಫೋನಲ್ಲೇ ಹೇಳಿದ್ರೆ ಎಲ್ರೂ ಮನೇಲೇ ಇರ್ತಿದ್ವಲ್ಲ!"