ಕಲ್ಲಿನೊಳಗೆ ಮಲಗಿದ ಗ್ಯಾಸ್

ಕೆಲಸ ಬಿಟ್ಟು ಊರಿಗೆ ಬಂದರೂ ಕಲ್ಲು ನನ್ನನ್ನು ಬಿಟ್ಟಿಲ್ಲ ನೋಡಿ. ಒಂದಿಲ್ಲೊಂದು ಫಜೀತಿ ತಂದಿಡುತ್ತಲೇ ಇರುತ್ತದೆ. ಮರಳುಗಲ್ಲಿನಲ್ಲಿ ಗ್ಯಾಸ್ ಎಷ್ಟಿದೆ, ಹೊರಬಂದೀತೇ ಎಂದು ಲೆಕ್ಕಹಾಕುವುದು ನನ್ನ ಕಸುಬಾಗಿತ್ತು. ಬಾವಿ ಕೊರೆದಾಗ ಪಾತಾಳದಿಂದ ಮೇಲೆ ಬಂದ, ಲಟ್ಟಣಿಗೆಯಂಥ ಕಲ್ಲಿನ ತುಂಡೊಂದನ್ನು ನಿವೃತ್ತಿಯ ದಿನ ಗೆಳೆಯರು ಕೊಟ್ಟರು. ಅದೀಗ ಹರಪನಹಳ್ಳಿಯ ನಮ್ಮ ಮನೆಯ ಕಿಟಕಿಯಲ್ಲಿದೆ. ಮಧ್ಯಾಹ್ನ ಅದಕ್ಕೆ ಕಿವಿಯಿಟ್ಟು ಮಲಗಿದರೆ, ಎಂದೋ ಬತ್ತಿದ ನದಿಯೊಂದು ಮರಳು ಹೊತ್ತು ಹರಿವ ಸದ್ದು ಕೇಳಿದಂತಾಗುತ್ತದೆ. ಅದನ್ನು ಹೆಂಡತಿಯೂ ಒಮ್ಮೆ ಕೇಳಿ ‘ಹೌದು’ ಅನ್ನಬೇಕು. ಅದೊಂದೇ ಆಸೆ.

೧. ಕೋಗಳಿಯ ರೊಟ್ಟಿ

ನಮ್ಮ ಕಸುಬಿನವರಿಗೆ ಕಲ್ಲು ಕಂಡರೆ ನಾಲಿಗೆ ಸುಮ್ಮನಿರುವುದಿಲ್ಲ. ಸಣ್ಣ ರಂಧ್ರಗಳಿದ್ದರೆ ಕಲ್ಲು ಎಂಜಲು ಹೀರಿ ನಾಲಿಗೆಗೆ ಅಂಟುತ್ತದೆ. ಹತ್ತಿರದ ಹಳ್ಳಿ ಕೋಗಳಿಗೆ ಹೋದಾಗ ದಾರಿಬದಿಯ ಕಲ್ಲೊಂದನ್ನು ಎತ್ತಿ, ಒರೆಸಿ, ನೆಕ್ಕಿದೆ. ಕುರಿ ಕಾಯುತ್ತಿದ್ದ ಅಜ್ಜ ನೋಡುತ್ತಲೇ ನಿಂತ. ಆಮೇಲೆ ಮೆಲ್ಲಗೆ ಬುತ್ತಿ ಬಿಚ್ಚಿದ.

“ಯಜಮಾನ್ರ, ಕಲ್ಲು ಯಾಕ ನೆಕ್ಕತೀರಿ? ರೊಟ್ಟಿ ಐತಿ, ಬರ್ರಿ.”

ವಿವರಿಸಬಹುದಿತ್ತು. ಆದರೆ ಶೇಂಗಾ ಚಟ್ನಿಯೂ ಇತ್ತು, ಹಸಿದವನಂತೆ ಕೂತೆ.

೨. ಸಾಬರ ಅಳಿಯ

ಸ್ಟೋವ್ ರಿಪೇರಿಯ ಸಾಬರು ನನ್ನ ಗೆಳೆಯರು. ಒಮ್ಮೆ ಮನೆಗೆ ಬಂದವರು ಕಿಟಕಿಯ ಕಲ್ಲು ನೋಡಿ, “ಈ ಕಲ್ಲಿನಾಗ ಗ್ಯಾಸ್ ಎಲ್ಲೈತ್ರಿ?” ಎಂದರು.

“ಮರಳಿನ ಕಾಳಿನ ನಡುವ ಸಾಬ್ರ. ಬಾವಿಯಾಗ ಯಂತ್ರ ಇಳಿಸಿ ಲಾಗ್ ಅನ್ನೋ ಅಳತಿ ತೆಗದ್ರ, ಒಳಗ ಬೇಕಾದಷ್ಟು ಐತಿ ಅಂತೈತಿ. ಮ್ಯಾಲೆ ತಂದ ಕಲ್ಲು ಪರೀಕ್ಷೆ ಮಾಡಿದ್ರ, ಹೊರಗ ಬಿಡಂಗಿಲ್ಲ ಅಂತೈತಿ. ದಾರಿ ಅಷ್ಟು ಇಕ್ಕಟ್ಟು.”

ಸಾಬರು ಕಲ್ಲನ್ನು ಪ್ರೀತಿಯಿಂದ ಸವರಿದರು. “ತಿಳೀತು ಬಿಡ್ರಿ. ನಮ್ಮ ಅಳಿಯನೂ ಹಿಂಗ ಅದಾನ. ಎಲ್ಲಾ ತಲಿಯಾಗ ಐತಿ ಅಂತಾನ. ಹೊರಗ ಇನ್ನೂ ಏನೂ ಬಂದಿಲ್ಲ.”

೩. ಕೇಳಿಸಿತು

ಕಳೆದ ವಾರ ನಮ್ಮ ಸಿಲಿಂಡರ್ ಮುಗಿಯಿತು. ಬುಕ್ ಮಾಡಿದರೂ ಗಾಡಿಯ ಸುಳಿವಿಲ್ಲ. ಕರೆಂಟ್ ಒಲೆಯ ಮೇಲೆ ಅನ್ನ ಬೇಯಿಸಿ ಬೇಯಿಸಿ ಬೇಸತ್ತ ನಮ್ಮಾಕೆ, “ಜೀವಮಾನ ಎಲ್ಲಾ ಗ್ಯಾಸ್ ಹುಡುಕಿದೋರ ಮನಿ ನೋಡ್ರಿ ಇದು! ಆ ಕಲ್ಲಿಗೊಂದು ಪೈಪ್ ಹಾಕ್ರಿ” ಎಂದಳು.

“ಪೈಪ್ ಇರ್ಲಿ, ಒಂದ್ಸಲ ಕಿವಿಯರ ಇಟ್ಟು ನೋಡು.”

ಏನನ್ನಿಸಿತೋ, ಕಲ್ಲನ್ನೆತ್ತಿಕೊಂಡು ಕಿಟಕಿಯ ಬಳಿ ಕೂತಳು. ಕಿವಿಗಿಟ್ಟು ಕಣ್ಣು ಮುಚ್ಚಿದಳು. ಹೊರಗೆ ಒಣಹಾಕಿದ ಮೆಕ್ಕೆಜೋಳದ ವಾಸನೆ, ಬಿಸಿಲೂ ತೂಕಡಿಸುತ್ತಿತ್ತು. ಅವಳ ಮುಖ ಮೆಲ್ಲಗೆ ಅರಳಿತು.

“ರೀ, ಕೇಳಸ್ತೈತ್ರಿ!”

ನನ್ನ ಕಣ್ಣು ತುಂಬಿ ಬಂತು. “ನದಿ ಹರದಂಗ ಐತೇನು?”

“ಯಾವ ನದಿರಿ! ಸಿಲಿಂಡರ್ ಗಾಡಿ! ನಮ್ಮ ಓಣಿ ದಾಟಿ ಹೊಂಟೈತಿ, ಓಡ್ರಿ!”