ಬಿ.ಪಿ. ಇಳಿಸಿದ ಜಗಲಿ

ನಮ್ಮ ಹಳ್ಳಿ ಹಗರೆಯಲ್ಲಿ ಗಟ್ಟಿ ಹಾಲು ಕುಡಿದು ಬೆಳೆದ ದೇಹ ನನ್ನದು. ಬಿ.ಪಿ. ಗಿಪಿ ಎಲ್ಲ ಪೇಟೆಯವರ ಕಾಯಿಲೆ ಎಂದೇ ನಂಬಿದ್ದೆ. ಯಜಮಾನರಿಗೆ ಅರಸೀಕೆರೆ ರೈಲ್ವೆ ಸ್ಟೇಷನ್ನಿಗೆ ವರ್ಗವಾಯಿತು. ಬಾಡಿಗೆ ಮನೆಗೆ ಬಂದ ವರ್ಷವೇ ನನಗೂ ಬಿ.ಪಿ. ಬಂತು!

“ಹಳ್ಳಿ ಬಿಟ್ಟು ಬಂದವರಲ್ಲಿ ನೋಡ್ತಾ ಇರ್ತೀವಮ್ಮ” ಎಂದರು ಡಾಕ್ಟರು. “ಉಪ್ಪು ಕಮ್ಮಿ ಮಾಡಿ, ವಾಕಿಂಗ್ ಮಾಡಿ. ಮುಂದಿನ ತಿಂಗಳೂ ಹೀಗೇ ಇದ್ರೆ ದಿನಾ ಮಾತ್ರೆ.”

ಮಾತ್ರೆ ಎಂದರೆ ನನಗೆ ಪ್ರಾಣಭಯ. ತಕ್ಷಣ ಉಪ್ಪು ಬಿಟ್ಟೆ. ಯಜಮಾನರು ಊಟ ಬಿಟ್ಟರು!

“ಲೇ, ಬಿ.ಪಿ. ಬಂದಿರೋದು ನಿಂಗಾ, ನಂಗಾ?” ಎಂದು ತಟ್ಟೆ ಸರಿಸಿ ಡ್ಯೂಟಿಗೆ ನಡೆದರು. ಕತ್ತಲಾಗುವವರೆಗೆ ಮನೆಯಲ್ಲಿ ನಾನು ಮತ್ತು ನಾಲ್ಕು ಗೋಡೆ.

ಸರಿ, ವಾಕಿಂಗ್ ಹೊರಟೆ. ಊರಲ್ಲಾದರೆ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮನೆಮನೆಯವರೂ ಮಾತಾಡಿಸುತ್ತಿದ್ದರು. ಇಲ್ಲಿ ಬೀದಿ ಬೀದಿ ಸುತ್ತಿದರೂ ನಾಯಿ ಕೂಡ ಬೊಗಳಲಿಲ್ಲ. ಕಾಲು ನೋವು ಬಂತು. ನಮ್ಮೂರ ರೂಢಿಯಂತೆ ಸಿಕ್ಕಿದ ಮನೆಯ ಜಗಲಿಯ ಮೇಲೆ ಕೂತು, ಒಳಗೆ ಇಣುಕಿ ಕೂಗಿದೆ.

“ಏನ್ ಮಾಡ್ತಾ ಇದೀರಕ್ಕಾ?”

“ಏನೂ ಬೇಡ, ಮುಂದಕ್ಕೆ ಹೋಗಿ!”

“ಮಾರಾಕ್ ಬಂದಿಲ್ಲ ಕಣಕ್ಕಾ, ಸುಮ್ಕೆ ಬಂದೆ. ಮನೇಲಿ ಒಬ್ರೇ ಇದೀರಾ?”

ಅಷ್ಟೇ! ಆ ಮನೆಯಾಕೆ ಓಡಿ ಬಂದು ನನ್ನ ಸೆರಗು ಹಿಡಿದು “ಕಳ್ಳಿ, ಕಳ್ಳಿ!” ಎಂದು ಬೊಬ್ಬೆ ಹೊಡೆದರು. ಇಡೀ ಬೀದಿಯೇ ಸೇರಿ ವಿಚಾರಣೆ ಆರಂಭಿಸಿತು.

“ಯಾವೂರಮ್ಮ ನಿಂದು? ಗಂಡ ಏನ್ ಮಾಡ್ತಾನೆ? ಮಕ್ಳೆಷ್ಟು?”

ಅಯ್ಯೋ ಶಿವನೇ! ಅರಸೀಕೆರೆಗೆ ಬಂದ ಮೇಲೆ ಒಬ್ಬರೂ ಕೇಳದೇ ಇದ್ದ ಪ್ರಶ್ನೆಗಳು. ನಾಚಿಕೆ ಬಿಟ್ಟು ಅತ್ತೇಬಿಟ್ಟೆ. ತವರುಮನೆ, ಅತ್ತೆಮನೆ, ನಾದಿನಿಯ ಬಾಣಂತನ ಎಲ್ಲವನ್ನೂ ಸವಿಸ್ತಾರವಾಗಿ ನಿವೇದಿಸಿಕೊಂಡೆ. ನಮ್ಮ ಎಮ್ಮೆ ಗಬ್ಬವಾದ ಪ್ರಸಂಗಕ್ಕೆ ಬರುವಷ್ಟರಲ್ಲಿ ಗುಂಪು ಕರಗಿತ್ತು. ಕೊನೆಗೆ ಸೆರಗು ಹಿಡಿದಾಕೆಯೇ ಕೈಮುಗಿದರು.

“ನೀನು ಕಳ್ಳಿ ಅಲ್ಲ ತಾಯಿ, ಹೋಗು. ಧಾರಾವಾಹಿ ಶುರುವಾಯ್ತು.”

ನೆಟ್ಟಗೆ ಡಾಕ್ಟರ ಬಳಿ ಹೋದೆ. ತೋಳಿಗೆ ಪಟ್ಟಿ ಸುತ್ತಿ ನೋಡಿದವರು ಕಣ್ಣರಳಿಸಿದರು. “ನಾರ್ಮಲ್ ಇದೆಯಲ್ರೀ! ಏನ್ ಮಾಡಿದ್ರಿ?”

“ವಾಕಿಂಗ್” ಎಂದೆ, ಗಂಭೀರವಾಗಿ.

ಮದ್ದು ಸಿಕ್ಕಿತಲ್ಲ! ಮರುದಿನ ಒಳ್ಳೆಯ ಸೀರೆ ಉಟ್ಟು ಅದೇ ಜಗಲಿಗೆ ಹೋಗಿ ಕೂತೆ. ಅನುಮಾನ ಬರಲಿ ಎಂದು ಬೇಕಂತಲೇ ಇಣುಕಿ ಇಣುಕಿ ನೋಡಿದೆ. ಕಿಟಕಿಯಿಂದ ಆಕೆಯ ದನಿ ಕೇಳಿತು.

“ಅಯ್ಯಯ್ಯೋ, ಎಮ್ಮೆ ಕತೆಯವ್ಳು ಬಂದ್ಲು! ಬಾಗ್ಲು ಹಾಕ್ರೀ!”

ಈಗ ದಿನಾ ಮಾತ್ರೆ ನುಂಗುತ್ತಿದ್ದೇನೆ.